ರೆಡಿಂಗ್‌ನಲ್ಲಿ ಮನೆ ಕೊಂಡದ್ದು, ಅದಕ್ಕೂ ಮೊದಲು ವಕೀಲರನ್ನು ಹುಡುಕಿದ್ದು

ಇಂಗ್ಲೆಂಡಿನಲ್ಲಿ ಮನೆ ನೋಡಲು ಶುರು ಮಾಡಿದರೆ ಸಾಲ ಎಷ್ಟು ಸಿಗುತ್ತೆ, ಶಾಲೆ ಹೇಗಿದೆ, ಸ್ಟೇಷನ್‌ಗೆ ನಡೆದುಕೊಂಡು ಹೋಗಬಹುದಾ ಅಂತ ನಾವೆಲ್ಲ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತೇವೆ. ವಕೀಲರನ್ನು ಹುಡುಕುವುದಕ್ಕೆ ಮಾತ್ರ ಅರ್ಧ ಗಂಟೆಯೂ ಕೊಡುವುದಿಲ್ಲ. ಅದೂ ಎಸ್ಟೇಟ್ ಏಜೆಂಟ್ ಕೇಳಿದ ಮೇಲೆ.

ನಮ್ಮ ಆಫರ್ ಒಪ್ಪಿಗೆಯಾಯಿತು ಅಂತ ಏಜೆಂಟ್ ಫೋನ್ ಮಾಡಿದ. ಅಭಿನಂದನೆ ಹೇಳಿ ಮುಗಿಸುವ ಮೊದಲೇ "ನಿಮ್ಮ ಸಾಲಿಸಿಟರ್ ಯಾರು?" ಅಂದ. ಇನ್ನೂ ಯಾರನ್ನೂ ನೋಡಿಲ್ಲ ಅಂದೆ. "ನಮ್ಮ ಕಡೆಯವರೇ ಇದ್ದಾರೆ, ಇವತ್ತೇ ಫೈಲ್ ಓಪನ್ ಮಾಡಿಸಿಬಿಡ್ತೀನಿ. ಮನೆ ಬೇರೆಯವರ ಪಾಲಾಗೋದು ಬೇಡ ಅಲ್ವಾ?" ಅಂತ ಸಣ್ಣಗೆ ಹೆದರಿಸಿದ. ಅವನ ಹೆದರಿಕೆಯಲ್ಲಿ ಸ್ವಲ್ಪ ನಿಜವೂ ಇತ್ತು. ಇಲ್ಲಿ ಆಫರ್ ಒಪ್ಪಿದರೆ ಏನೂ ಆದಂತಲ್ಲ. ಕಾಂಟ್ರಾಕ್ಟ್ ಎಕ್ಸ್‌ಚೇಂಜ್ ಆಗುವವರೆಗೆ, ಅಂದರೆ ಎರಡೂ ಕಡೆಯವರು ಸಹಿ ಮಾಡಿದ ಒಪ್ಪಂದ ಅದಲುಬದಲಾಗಿ ಗಟ್ಟಿಯಾಗುವವರೆಗೆ, ಮಾರುವವರು ಇನ್ನೊಬ್ಬರು ಜಾಸ್ತಿ ಕೊಡುತ್ತಾರೆ ಅಂತ ಕೈ ಎತ್ತಬಹುದು, ಕೊಳ್ಳುವವರೂ ಕೊನೇ ಗಳಿಗೆಯಲ್ಲಿ ರೇಟು ಇಳಿಸಿ ಅನ್ನಬಹುದು. ಯಾರೂ ಯಾರನ್ನೂ ಕೇಳುವ ಹಾಗಿಲ್ಲ.

ಅವನು ಕಳಿಸಿದ ಇಮೇಲ್‌ನ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಆ ವಕೀಲರಿಂದ ತಮಗೆ 250 ಪೌಂಡ್ ರೆಫರಲ್ ಫೀ ಬರುತ್ತದೆ ಅಂತಿತ್ತು. ಇದು ಕಳ್ಳ ವ್ಯವಹಾರವೇನಲ್ಲ, ಹೇಳಿ ತೆಗೆದುಕೊಂಡರೆ ಇಲ್ಲಿ ನಡೆಯುತ್ತದೆ. ಆದರೆ ಮನೆ ಮಾರುವವರ ಏಜೆಂಟ್‌ಗೆ ಕಮಿಷನ್ ಕೊಡುವ ವಕೀಲರು ಕೊಳ್ಳುವ ನನ್ನ ಪರವಾಗಿ ಎಷ್ಟು ಗಟ್ಟಿಯಾಗಿ ನಿಲ್ಲುತ್ತಾರೆ ಅನ್ನುವ ಅನುಮಾನ ಹೋಗಲಿಲ್ಲ. ಅವರನ್ನೇ ಇಟ್ಟುಕೊಳ್ಳಬೇಕು ಅಂತ ಏಜೆಂಟ್ ಒತ್ತಾಯ ಮಾಡುವಂತಿಲ್ಲ. ಎರಡು ದಿನ ಟೈಮ್ ಕೊಡಿ ಅಂದೆ.

ಮೈಸೂರಿನಲ್ಲಿರುವ ಅಪ್ಪನಿಗೆ ವಿಷಯ ಹೇಳಿದಾಗ ಅವರ ಮೊದಲ ಪ್ರಶ್ನೆ: "ಇಸಿ ತೆಗೆಸಿದ್ಯೇನೋ? ಮೂಲಪತ್ರ ಯಾರ ಹತ್ರ ಇದೆ?" ನಮ್ಮ ಕಡೆ ಹಾಗೇ ತಾನೆ. ಜೆರಾಕ್ಸ್ ಕಟ್ಟು ಹಿಡಿದು ವಕೀಲರ ಹತ್ತಿರ ಹೋಗಿ ಲೀಗಲ್ ಒಪಿನಿಯನ್ ಬರೆಸುತ್ತೇವೆ. ಪತ್ರ ಬರೆಯುವವರು ಬೇರೆ. ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಎರಡೂ ಕಡೆಯವರು ಎದುರಾಬದುರು ಕೂತು ಫೋಟೋ, ಹೆಬ್ಬೆಟ್ಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಯ ಹಕ್ಕಿನ ದಾಖಲೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿರುತ್ತದೆ. 7 ಪೌಂಡ್ ಕಟ್ಟಿದರೆ ಯಾರು ಬೇಕಾದರೂ ಯಾವ ಮನೆಯ ದಾಖಲೆ ಬೇಕಾದರೂ ನೋಡಬಹುದು. ಅಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅದಕ್ಕೆ ಸರ್ಕಾರವೇ ಜವಾಬ್ದಾರಿ. ಕೊಳ್ಳುವವರಿಗೊಬ್ಬ ವಕೀಲ, ಮಾರುವವರಿಗೊಬ್ಬ ವಕೀಲ. ಆ ಇಬ್ಬರ ನಡುವೆ ಕಾಗದ ಓಡಾಡುತ್ತದೆ, ದುಡ್ಡು ಕೂಡ ಅವರ ಖಾತೆಗಳ ಮೂಲಕವೇ ಹೋಗುತ್ತದೆ. ಮಾರಿದವರನ್ನು ನಾವು ನೋಡದೇ ಇದ್ದರೂ ಮನೆ ನಮ್ಮದಾಗುತ್ತದೆ. ಅಂದರೆ ವಕೀಲರು ಎಡವಿದರೆ ಹಿಡಿಯುವುದಕ್ಕೆ ಮಧ್ಯದಲ್ಲಿ ಇನ್ಯಾರೂ ಇಲ್ಲ.

ಈ ಕೆಲಸಕ್ಕೆ ಇಲ್ಲಿ ಕನ್ವೇಯನ್ಸಿಂಗ್ ಅನ್ನುತ್ತಾರೆ. ಸಾಲಿಸಿಟರ್‌ಗಳೂ ಮಾಡುತ್ತಾರೆ, ಇದೊಂದನ್ನೇ ಮಾಡುವ ಲೈಸೆನ್ಸ್ಡ್ ಕನ್ವೇಯನ್ಸರ್‌ಗಳೂ ಮಾಡುತ್ತಾರೆ. ಸಾಲಿಸಿಟರ್‌ಗಳ ಮೇಲೆ ಎಸ್‌ಆರ್‌ಎ (ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿ) ಕಣ್ಣಿಟ್ಟಿರುತ್ತದೆ, ಕನ್ವೇಯನ್ಸರ್‌ಗಳ ಮೇಲೆ ಸಿಎಲ್‌ಸಿ (ಕೌನ್ಸಿಲ್ ಫಾರ್ ಲೈಸೆನ್ಸ್ಡ್ ಕನ್ವೇಯನ್ಸರ್ಸ್). ಎರಡರ ವೆಬ್‌ಸೈಟಿನಲ್ಲೂ ಹೆಸರು ಹಾಕಿ ನೋಡಬಹುದು. ನಾನು ಮೊದಲು ಮಾಡಿದ್ದೇ ಅದು.

ಆಮೇಲೆ ರೇಟು. ಇಂಥ ಕೆಲಸಕ್ಕೆ ಎಷ್ಟು ತೆಗೆದುಕೊಳ್ಳುತ್ತೇವೆ ಅಂತ ಸಾಲಿಸಿಟರ್‌ಗಳು ತಮ್ಮ ವೆಬ್‌ಸೈಟಿನಲ್ಲೇ ಹಾಕಬೇಕು ಅನ್ನುವ ನಿಯಮ 2018ರ ಡಿಸೆಂಬರ್‌ನಿಂದ ಇದೆ. ಹಾಕಿರುತ್ತಾರೆ, ಆದರೆ ಓದುವುದಕ್ಕೆ ತಾಳ್ಮೆ ಬೇಕು. ನನ್ನ ಸಹೋದ್ಯೋಗಿಗಳು ಹೇಳಿದ ಒಂದು ಆನ್‌ಲೈನ್ ಕಂಪನಿಯ ಫೀ 650 ಪೌಂಡ್. ರೆಡಿಂಗ್ ಊರೊಳಗಿನ ಒಂದು ಆಫೀಸಿನದು 1,150. ಐನೂರು ಪೌಂಡ್ ವ್ಯತ್ಯಾಸ, ಯಾರು ಬಿಡ್ತಾರೆ! ಆದರೆ ಆನ್‌ಲೈನ್ ಕಂಪನಿಯ ಕೊಟೇಶನ್‌ನ ಎರಡನೇ ಪುಟಕ್ಕೆ ಹೋದೆ. ಬ್ಯಾಂಕಿನ ಪರವಾಗಿ ಕೆಲಸ ಮಾಡಿದ್ದಕ್ಕೆ 150. ಸ್ಟಾಂಪ್ ಡ್ಯೂಟಿ ಫಾರ್ಮ್ ತುಂಬಿದ್ದಕ್ಕೆ 95. ಯಾರಾದರೂ ಉಡುಗೊರೆ ಹಣ ಕೊಟ್ಟರೆ ಅದನ್ನು ನೋಡಿದ್ದಕ್ಕೆ 75. ದುಡ್ಡು ಕಳಿಸಿದ್ದಕ್ಕೆ 40. ಗುರುತಿನ ಚೀಟಿ ಪರೀಕ್ಷೆಗೆ ತಲೆಗೆ 25, ನಾವಿಬ್ಬರು. ಕೂಡಿಸಿದರೆ 1,060. ಊರೊಳಗಿನವರದು ಎಲ್ಲ ಸೇರಿ 1,205. ಐನೂರು ಹೋಗಿ 145ಕ್ಕೆ ಬಂತು. ಇದರ ಮೇಲೆ ಇಬ್ಬರಿಗೂ 20% ವ್ಯಾಟ್. ಸರ್ಚ್‌ಗಳು (ಮನೆ, ಜಾಗದ ಬಗ್ಗೆ ಮಾಡಿಸುವ ವಿಚಾರಣೆ), ಲ್ಯಾಂಡ್ ರಿಜಿಸ್ಟ್ರಿ ಶುಲ್ಕ ಇವೆಲ್ಲ ಬೇರೆಯವರಿಗೆ ಕಟ್ಟುವಂಥವು, ಎಲ್ಲಿ ಹೋದರೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೇ ಮೊದಲ ಪುಟದ ದೊಡ್ಡ ಅಂಕಿ ನೋಡಿ ತೀರ್ಮಾನ ಮಾಡಬಾರದು.

ನಮ್ಮ ಪ್ರಶ್ನೆ ರೇಟಿಗಿಂತ ಬೇರೆ ಇತ್ತು. ಮನೆಗೆ ಹಾಕುವ ದುಡ್ಡಿನಲ್ಲಿ ಒಂದು ಭಾಗ ಅಪ್ಪ ಕೊಡುವುದು. ಅವರು ಮೈಸೂರಿನ ಬೋಗಾದಿ ಕಡೆ ಇದ್ದ 30×40 ಸೈಟ್ ಮಾರಿ, ಅದರಲ್ಲಿ 30 ಲಕ್ಷ, ಅಂದರೆ ಸುಮಾರು 25 ಸಾವಿರ ಪೌಂಡ್ ನಮಗೆ ಕಳಿಸುತ್ತೇನೆ ಅಂದಿದ್ದರು. ಫೋನ್ ಮಾಡಿದ ಕಡೆಯೆಲ್ಲ ಮೊದಲು ಇದನ್ನೇ ಕೇಳಿದೆ: "ಇಂಡಿಯಾದಿಂದ ಅಪ್ಪ ಉಡುಗೊರೆಯಾಗಿ ದುಡ್ಡು ಕೊಡ್ತಾರೆ. ನೀವು ಇದನ್ನು ಒಪ್ಪುತ್ತೀರಾ?"

ಆನ್‌ಲೈನ್ ಕಂಪನಿಯ ಹುಡುಗ "ನೋ ಪ್ರಾಬ್ಲಮ್" ಅಂದ. ಏನೇನು ಕಾಗದ ಬೇಕು ಅಂದರೆ, ಫೈಲ್ ಓಪನ್ ಆದ ಮೇಲೆ ಆ ತಂಡ ಹೇಳುತ್ತೆ ಅಂದ. ನನ್ನ ಫೈಲ್ ನೋಡುವವರು ಯಾರು ಅಂದರೆ ಅದಕ್ಕೂ ಒಂದು ತಂಡ. ಇನ್ನೊಂದು ಕಡೆ, ವಿದೇಶದ ಉಡುಗೊರೆ ಹಣ ನಾವು ಮುಟ್ಟುವುದೇ ಇಲ್ಲ ಅಂತ ನೇರವಾಗಿ ಹೇಳಿದರು. ಅವರ ಮೇಲೆ ನನಗೆ ಗೌರವವೇ ಬಂತು. ಎರಡು ತಿಂಗಳು ಕಳೆದ ಮೇಲೆ ಹೇಳುವುದಕ್ಕಿಂತ ಇದೇ ವಾಸಿ ಅಲ್ವಾ? ಪಕ್ಕದ ಬೀದಿಯಲ್ಲೇ ಒಬ್ಬ ಹಿರಿಯ ಸಾಲಿಸಿಟರ್ ಇದ್ದರು. ಸುತ್ತಮುತ್ತ ಒಳ್ಳೆಯ ಹೆಸರು. ಆದರೆ ನಮಗೆ ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್‌ನಲ್ಲಿ, ಅಂದರೆ ಬ್ಯಾಂಕ್ ಒಪ್ಪಿಕೊಂಡ ವಕೀಲರ ಪಟ್ಟಿಯಲ್ಲಿ, ಅವರಿಲ್ಲ. ಪ್ಯಾನೆಲ್‌ನಲ್ಲಿ ಇಲ್ಲದವರನ್ನು ಇಟ್ಟುಕೊಂಡರೆ ಬ್ಯಾಂಕ್ ತನ್ನ ಪರವಾಗಿ ಇನ್ನೊಬ್ಬ ವಕೀಲರನ್ನು ನೇಮಿಸುತ್ತದೆ, ಖರ್ಚು ನಮ್ಮ ತಲೆಗೆ, ತಡವೂ ಜಾಸ್ತಿ. ಹತ್ತಿರದವರು ಅನ್ನುವುದೊಂದೇ ಸಾಲದು ಅಂತ ಅಲ್ಲಿ ಗೊತ್ತಾಯಿತು.

1,150ರ ಆಫೀಸಿನಲ್ಲಿ ಫೋನ್ ಎತ್ತಿದವರೇ ಸಾಲಿಸಿಟರ್. ಉಡುಗೊರೆ ಹಣ ಅಂದ ತಕ್ಷಣ ಆಕೆ ನನಗೇ ಪ್ರಶ್ನೆ ಹಾಕತೊಡಗಿದರು. ಅಪ್ಪನಿಗೆ ಆ ಹಣ ಎಲ್ಲಿಂದ ಬಂತು? ಸೈಟ್ ಅವರ ಹೆಸರಲ್ಲೇ ಇತ್ತಾ? ಮಾರಿದ ಹಣ ಬ್ಯಾಂಕಿಗೆ ಬಂದಿದೆಯಾ, ಕೈಗೆ ಬಂದಿದೆಯಾ? ಕ್ರಯಪತ್ರ ಯಾವ ಭಾಷೆಯಲ್ಲಿದೆ? ಆಮೇಲೆ, ನೀವಿಬ್ಬರೂ ಪ್ರಪಂಚದಲ್ಲಿ ಎಲ್ಲಾದರೂ ಯಾವತ್ತಾದರೂ ಮನೆ ಹೊಂದಿದ್ದಿರಾ? ಇನ್ನೂ ಒಂದು ಪೈಸೆ ಕಟ್ಟಿಲ್ಲ, ಆಗಲೇ ಇಷ್ಟೆಲ್ಲ ಕೇಳುತ್ತಿದ್ದಾರಲ್ಲ ಅಂತ ನನಗೆ ಸಮಾಧಾನವೇ ಆಯಿತು. ನಾನು ಕೇಳಿದ್ದು ಮೂರೇ. ಫೈಲ್ ನೀವೇ ನೋಡುತ್ತೀರಾ? ನೀವು ರಜೆ ಹೋದರೆ ಯಾರು? ನಮ್ಮ ಬ್ಯಾಂಕಿನ ಪ್ಯಾನೆಲ್‌ನಲ್ಲಿದ್ದೀರಾ? ಮೂರಕ್ಕೂ ಹೆಸರು ಹಿಡಿದು ಉತ್ತರ ಕೊಟ್ಟರು. ಅವರನ್ನೇ ಗೊತ್ತು ಮಾಡಿಕೊಂಡೆವು.

ಈಗ ಆ ಸೈಟಿನ ಕಥೆ. ಅಪ್ಪ ಮಾರಾಟಕ್ಕೆ ಇಟ್ಟಿದ್ದರಷ್ಟೆ, ಇನ್ನೂ ಮಾರಿರಲಿಲ್ಲ. ಒಬ್ಬರು ಒಳ್ಳೆ ರೇಟಿಗೆ ಬಂದಿದ್ದರು. ಗೈಡೆನ್ಸ್ ವ್ಯಾಲ್ಯೂಗೆ ರಿಜಿಸ್ಟರ್ ಮಾಡಿಸೋಣ, ಉಳಿದದ್ದು ಕ್ಯಾಶ್ ಅನ್ನುವುದು ಅವರ ಲೆಕ್ಕ. ಊರಿನಲ್ಲಿ ಎಷ್ಟು ವೈಟ್ ಎಷ್ಟು ಬ್ಲ್ಯಾಕ್ ಅಂತ ಹೂವಿನ ರೇಟು ಕೇಳಿದ ಹಾಗೆ ಕೇಳುತ್ತಾರೆ. ನಾನು ಅಪ್ಪನಿಗೆ ಹೇಳಿದೆ, ಕ್ಯಾಶ್ ಬಂದರೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲಿಗೆ ಬರೋ ಹಾಗಿಲ್ಲ, ಬಂದರೂ ಇಲ್ಲಿನ ವಕೀಲರು ಮುಟ್ಟುವುದಿಲ್ಲ ಅಂತ. ಮನಿ ಲಾಂಡರಿಂಗ್ ಕಾನೂನಿನ ಪ್ರಕಾರ ಹಣದ ಮೂಲ ನೋಡದೆ ಇದ್ದರೆ ಅವರ ಲೈಸೆನ್ಸಿಗೇ ಸಂಚಕಾರ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಬಿಡು, ಕಮ್ಮಿ ಬಂದರೂ ಪರವಾಗಿಲ್ಲ, ಎಲ್ಲಾ ಬ್ಯಾಂಕಿಗೇ ಹಾಕಿಸ್ಕೊತೀನಿ" ಅಂದರು. ಕೊನೆಗೆ ಬಂದ ಗಿರಾಕಿ ಪೂರ್ತಿ ಹಣ ಆರ್‌ಟಿಜಿಎಸ್‌ನಲ್ಲಿ ಕೊಟ್ಟರು. 50 ಲಕ್ಷ ದಾಟಿದ್ದರಿಂದ 1% ಟಿಡಿಎಸ್ ಹಿಡಿದು ಕಟ್ಟಿದರು. ಆ ಟಿಡಿಎಸ್ ಕಾಗದ ಇಲ್ಲಿ ನಮಗೆ ಒಳ್ಳೆಯ ಸಾಕ್ಷಿಯೇ ಆಯಿತು.

ಸಾಲಿಸಿಟರ್ ಕೇಳಿದ ಪಟ್ಟಿ ಉದ್ದವಿತ್ತು. ಅಪ್ಪ ಸೈಟ್ ಕೊಂಡಾಗಿನ ಪತ್ರ, ಮಾರಿದ ಪತ್ರ, ಹಣ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ನೋಟರಿ ದೃಢೀಕರಿಸಿದ ಪಾಸ್‌ಪೋರ್ಟ್ ಪ್ರತಿ. ಜೊತೆಗೆ ಇದು ಸಾಲ ಅಲ್ಲ, ವಾಪಸ್ ಕೇಳುವುದಿಲ್ಲ, ಮನೆಯಲ್ಲಿ ನನಗೆ ಪಾಲು ಬೇಡ ಅಂತ ಅಪ್ಪ ಸಹಿ ಮಾಡಿದ ಪತ್ರ. ಈ ಕೊನೆಯದು ಅಮ್ಮನಿಗೆ ಸರಿ ಬರಲಿಲ್ಲ. "ಮಗನಿಗೆ ಕೊಡೋದಕ್ಕೂ ಬರೆದುಕೊಡಬೇಕಾ?" ಅಂದರು. ಇದು ಬ್ಯಾಂಕಿನ ಷರತ್ತು. ನಾಳೆ ಕಂತು ಕಟ್ಟದೆ ಬ್ಯಾಂಕ್ ಮನೆ ಹರಾಜು ಹಾಕುವ ಪರಿಸ್ಥಿತಿ ಬಂದರೆ, ಮೂರನೆಯವರು ಬಂದು ಇದರಲ್ಲಿ ನನ್ನದೂ ಪಾಲಿದೆ ಅನ್ನಬಾರದಲ್ಲ, ಅದಕ್ಕೆ.

ಎರಡೂ ಕ್ರಯಪತ್ರ ಕನ್ನಡದಲ್ಲಿದ್ದವು. ಸರ್ಟಿಫೈಡ್ ಅನುವಾದ ಬೇಕೆಂದರು. ಅನುವಾದಕರಿಗೆ ಪುಟದ ಲೆಕ್ಕದಲ್ಲಿ ಕೊಡಬೇಕು. ಹಳೇ ಪತ್ರವೋ ಚಕ್ಕುಬಂದಿ, ಷರಾ, ಸಾಕ್ಷಿಗಳ ವಿಳಾಸ ಎಲ್ಲ ಸೇರಿ ಮಾರುದ್ದ. ನಾನು ಸಾಲಿಸಿಟರ್‌ಗೆ ಕೇಳಿದೆ, ಪೂರ್ತಿ ಬೇಕಾ ಅಂತ. ಅವರು ಯೋಚಿಸಿ, ಹಳೆಯ ಪತ್ರದಲ್ಲಿ ಕೊಂಡವರ ಹೆಸರು, ತಾರೀಖು, ಬೆಲೆ, ಸ್ವತ್ತಿನ ವಿವರ ಇರುವ ಪುಟಗಳು ಸಾಕು, ಮಾರಿದ ಪತ್ರ ಮಾತ್ರ ಪೂರ್ತಿ ಕೊಡಿ ಅಂದರು. ಇಂಥ ಒಂದು ಮಾತಿಗೆ ಎದುರಿಗೊಬ್ಬ ಮನುಷ್ಯ ಇರಬೇಕು. ಆನ್‌ಲೈನ್ ಕಂಪನಿಯ ಪೋರ್ಟಲ್‌ನಲ್ಲಿ ಟಿಕ್ ಬೀಳದಿದ್ದರೆ ಮುಂದಿನ ಪುಟಕ್ಕೇ ಹೋಗುವುದಿಲ್ಲ.

ಭಾರತದ ಕಡೆಯಿಂದಲೂ ಒಂದು ಗಂಟಿತ್ತು. ವಿದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಅದರಲ್ಲಿ ನಮ್ಮ ಮೊತ್ತ ಏನೂ ಅಲ್ಲ. ಆದರೆ ವರ್ಷಕ್ಕೆ 10 ಲಕ್ಷ ದಾಟಿದ ಉಡುಗೊರೆ ಹಣದ ಮೇಲೆ ಬ್ಯಾಂಕ್ 20% ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತದೆ. ಅಪ್ಪ ಕಳಿಸಿದ್ದು 30 ಲಕ್ಷ. 20 ಲಕ್ಷದ ಮೇಲೆ 4 ಲಕ್ಷ ಟಿಸಿಎಸ್. ರಿಟರ್ನ್ಸ್ ಹಾಕಿದಾಗ ತೆರಿಗೆಗೆ ವಜಾ ಆಗುತ್ತದೆ, ಜಾಸ್ತಿ ಇದ್ದರೆ ವಾಪಸ್ ಬರುತ್ತದೆ. ಆದರೆ ಕಳಿಸುವ ದಿನ ಕೈಯಲ್ಲಿ 34 ಲಕ್ಷ ಇರಬೇಕು. ಇದು ಇಲ್ಲಿನ ವಕೀಲರು ಹೇಳುವ ವಿಷಯವಲ್ಲ, ಅಪ್ಪನ ಆಡಿಟರ್ ಹೇಳಿದ್ದು. ಇಂಥ ಖರೀದಿಯಲ್ಲಿ ಎರಡೂ ದೇಶದಲ್ಲಿ ಒಬ್ಬೊಬ್ಬರು ಗೊತ್ತಿರುವವರು ಬೇಕೇ ಬೇಕು.

"ಪ್ರಪಂಚದಲ್ಲಿ ಎಲ್ಲಾದರೂ" ಅಂತ ಆಕೆ ಕೇಳಿದ್ದರಲ್ಲ, ಅದರ ಬೆಲೆ ಏನು ಅಂತ ಸ್ಟಾಂಪ್ ಡ್ಯೂಟಿ ಲೆಕ್ಕ ಹಾಕುವಾಗ ಗೊತ್ತಾಯಿತು. ನಮ್ಮ ಮನೆಯ ಬೆಲೆ 3,65,000 ಪೌಂಡ್. ಮೊದಲ ಸಲ ಮನೆ ಕೊಳ್ಳುವವರಿಗೆ 3 ಲಕ್ಷದವರೆಗೆ ಡ್ಯೂಟಿ ಇಲ್ಲ, ಅದರ ಮೇಲಿನದ್ದಕ್ಕೆ 5%. ಹಾಗಾಗಿ 3,250. ಆನ್‌ಲೈನ್ ಕಂಪನಿಯ ಕೊಟೇಶನ್‌ನಲ್ಲಿ ಇದೇ ಅಂಕಿ ಇತ್ತು. ಯುಕೆಯಲ್ಲಿ ಇದು ಮೊದಲ ಮನೆಯಾ ಅಂತಷ್ಟೇ ಅವರು ಕೇಳಿದ್ದು. ಆದರೆ ನಿಯಮ ಇರುವುದು ಇಡೀ ಪ್ರಪಂಚಕ್ಕೆ. ನನ್ನ ಹೆಂಡತಿಗೆ ಮದುವೆಗೆ ಮುಂಚೆ ಬೆಂಗಳೂರಿನ ಉತ್ತರಹಳ್ಳಿಯಲ್ಲಿ ಒಂದು ಫ್ಲ್ಯಾಟ್ ಇತ್ತು, ಮಾರಿಯಾಗಿದೆ. ಆದರೂ ಆಕೆ ಮೊದಲ ಸಲ ಕೊಳ್ಳುವವಳಲ್ಲ. ಇಬ್ಬರ ಹೆಸರಲ್ಲಿ ಕೊಂಡರೆ ಇಬ್ಬರೂ ಮೊದಲ ಸಲದವರಾಗಿರಬೇಕು. ರಿಯಾಯಿತಿ ಹೋಯಿತು. ಮಾಮೂಲಿ ದರದಲ್ಲಿ 1,25,000ದವರೆಗೆ ಇಲ್ಲ, ಅಲ್ಲಿಂದ 2,50,000ದವರೆಗೆ 2%, ಅದರ ಮೇಲೆ 5%. ಒಟ್ಟು 8,250.

ಆ ಫ್ಲ್ಯಾಟ್ ಮಾರದೆ ಬಾಡಿಗೆಗೆ ಬಿಟ್ಟಿದ್ದರೆ? 40 ಸಾವಿರ ಪೌಂಡ್‌ಗಿಂತ ಜಾಸ್ತಿ ಬಾಳುವ ಮನೆ ಪ್ರಪಂಚದಲ್ಲಿ ಎಲ್ಲೇ ಇದ್ದರೂ, ಇಲ್ಲಿ ಕೊಳ್ಳುವುದು ಎರಡನೇ ಮನೆ ಅಂತ ಲೆಕ್ಕ. ಪೂರ್ತಿ ಬೆಲೆಯ ಮೇಲೆ ಇನ್ನೂ 5%. ಆಗ 26,500 ಕಟ್ಟಬೇಕಿತ್ತು. ಗಂಡನದು ಹೆಂಡತಿಯದು ಅಂತ ಬೇರೆ ಬೇರೆ ನೋಡುವುದಿಲ್ಲ, ಒಬ್ಬರ ಹೆಸರಿನಲ್ಲಿ ಇದ್ದರೆ ಇಬ್ಬರಿಗೂ ಅಂಟುತ್ತದೆ. ಊರಿನ ಮನೆಯ ಬಗ್ಗೆಯೂ ಸಾಲಿಸಿಟರ್ ಕೆದಕಿ ಕೇಳಿದರು. ಅದು ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ್ದು, ಅವರ ಹೆಸರಲ್ಲೇ ಇದೆ, ನನಗಿನ್ನೂ ಏನೂ ಬಂದಿಲ್ಲ. ಇದನ್ನು ಬರವಣಿಗೆಯಲ್ಲಿ ತೆಗೆದುಕೊಂಡರು. ಪಿತ್ರಾರ್ಜಿತ ಆಸ್ತಿ, ವಿಭಾಗ ಆಗದ ಮನೆ ಇರುವವರು ಇದನ್ನು ಸುಮ್ನೆ "ಇಲ್ಲ" ಅಂತ ಟಿಕ್ ಮಾಡಿ ಬಿಡಬೇಡಿ. ಫಾರ್ಮ್ ತುಂಬುವುದು ವಕೀಲರಾದರೂ, ತಪ್ಪಾದರೆ ತೆರಿಗೆ ಇಲಾಖೆ ಬರುವುದು ನಮ್ಮ ಮನೆ ಬಾಗಿಲಿಗೆ.

ರೆಡಿಂಗ್‌ನವರೇ ವಕೀಲರಾದರೆ ಏನು ಲಾಭ ಅನ್ನುವುದಕ್ಕೆ ನನಗೆ ಸಿಕ್ಕ ನಿಜವಾದ ಉತ್ತರ ಮಣ್ಣಿನಲ್ಲಿತ್ತು. ನಾವು ನೋಡಿದ್ದು ಕೋಲಿ ಕಡೆಯ ಒಂದು ವಿಕ್ಟೋರಿಯನ್ ಟೆರೇಸ್ ಮನೆ. ಕೆಂಪು ಇಟ್ಟಿಗೆ, ಮಧ್ಯೆ ಮಧ್ಯೆ ಬೂದು ಇಟ್ಟಿಗೆಯ ಚಿತ್ತಾರ. ರೆಡಿಂಗ್‌ನಲ್ಲಿ ಇಂಥ ಸಾಲುಮನೆಗಳು ಬೇಕಾದಷ್ಟಿವೆ, ಹಿಂದೆ ಇಲ್ಲಿ ಇಟ್ಟಿಗೆ ಗೂಡುಗಳು ಜೋರಾಗಿದ್ದವು. ವಿಳಾಸ ಕೇಳಿದ ಕೂಡಲೇ ಸಾಲಿಸಿಟರ್ "ಫೀಲ್ಡ್ ರೋಡ್‌ನಿಂದ ಎಷ್ಟು ದೂರ?" ಅಂದರು. ನನಗೆ ಅರ್ಥವಾಗಲಿಲ್ಲ. ಆ ಭಾಗದ ನೆಲದಡಿ ಹಳೆಯ ಸುಣ್ಣಕಲ್ಲಿನ ಗಣಿಗಳಿವೆ, 2000ದಲ್ಲಿ ಫೀಲ್ಡ್ ರೋಡ್‌ನಲ್ಲಿ ನೆಲ ಕುಸಿದು ಜನ ಮನೆ ಬಿಟ್ಟು ಹೋಗಬೇಕಾಯಿತು ಅಂತ ಹೇಳಿದರು. ಕಲ್ಲಿದ್ದಲಿನ ಊರುಗಳಲ್ಲಿ ಗಣಿ ಸರ್ಚ್ ಮಾಡಿಸುವುದು ಎಲ್ಲ ವಕೀಲರಿಗೂ ಗೊತ್ತು. ರೆಡಿಂಗ್‌ನಲ್ಲಿ ಸುಣ್ಣಕಲ್ಲು ನೋಡಬೇಕು ಅನ್ನುವುದು ದೂರದ ಊರಿನಲ್ಲಿ ಕೂತು ದಿನಕ್ಕೆ ಹತ್ತು ಊರಿನ ಫೈಲ್ ನೋಡುವವರ ತಲೆಗೆ ಹೊಳೆಯುವುದು ಕಷ್ಟ.

ಮಾಮೂಲಿ ಸರ್ಚ್‌ಗಳು ಮೂರು. ಕೌನ್ಸಿಲ್‌ನಿಂದ (ಇಲ್ಲಿನ ನಗರಸಭೆ) ರಸ್ತೆ, ಯೋಜನೆ, ನೋಟಿಸುಗಳ ವಿವರ. ನೀರು ಮತ್ತು ಚರಂಡಿ. ಆಮೇಲೆ ಪರಿಸರದ್ದು, ಪ್ರವಾಹ, ಮಣ್ಣಿನ ಮಾಲಿನ್ಯ, ನೆಲದ ಗಟ್ಟಿತನ ಎಲ್ಲ ಅದರಲ್ಲಿ. ಆ ಮೂರನೆಯದರಲ್ಲಿ ನೆಲದ ಬಗ್ಗೆ ಹೆಚ್ಚಿನ ವಿಚಾರಣೆ ಬೇಕು ಅಂತ ಬಂತು. ಬೇರೆ ತಜ್ಞರಿಂದ ಒಂದು ವರದಿ ತರಿಸಿದೆವು. ನಮ್ಮ ಮನೆಯಡಿ ದಾಖಲಾದ ಗಣಿ ಇಲ್ಲ, ಹತ್ತಿರದಲ್ಲಿ ಇವೆ ಅಂತ ಅದರ ಸಾರಾಂಶ. "ಇದು ಬೇಡ ಅಂತಲ್ಲ. ಆದರೆ ಸಹಿ ಮಾಡುವ ಮೊದಲು ಇನ್ಶೂರೆನ್ಸ್ ಕಂಪನಿಗೆ ಈ ವರದಿ ತೋರಿಸಿ, ನೆಲ ಕುಸಿತಕ್ಕೂ ರಕ್ಷಣೆ ಕೊಡುತ್ತೇವೆ ಅಂತ ಬರೆಸಿಕೊಳ್ಳಿ" ಅಂದರು. ಎಕ್ಸ್‌ಚೇಂಜ್ ಆದ ಗಳಿಗೆಯಿಂದ ಮನೆಗೆ ಏನಾದರೂ ನಷ್ಟ ನಮ್ಮದೇ, ಬೀಗದ ಕೈ ಇನ್ನೂ ಸಿಕ್ಕಿರದಿದ್ದರೂ. ಬರೆಸಿಕೊಂಡ ಮೇಲೆಯೇ ಮುಂದುವರಿದೆವು.

ಅಟ್ಟದ ರೂಮಿನದು ಇನ್ನೊಂದು ತಲೆನೋವು. ಏಜೆಂಟ್ ಅದನ್ನು ಬೆಡ್‌ರೂಮ್ ಅಂತಲೇ ಹಾಕಿದ್ದ. ನಿಯಮದ ಪ್ರಕಾರವೇ ಕಟ್ಟಿದ್ದು ಅನ್ನುವ ಬಿಲ್ಡಿಂಗ್ ರೆಗ್ಯುಲೇಶನ್ ಸರ್ಟಿಫಿಕೇಟ್ ಇರಲಿಲ್ಲ. ಮಾರುವವರು ತುಂಬಿ ಕೊಡುವ ಟಿಎ6 ಫಾರ್ಮಿನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದರು. ಅವರ ಕಡೆಯ ವಕೀಲರು ಒಂದು ದೊಡ್ಡ ಪೋರ್ಟಲ್ ಕಂಪನಿ. ಕೇಳಿದ ಪ್ರಶ್ನೆಗೆ ವಾರಗಟ್ಟಲೆ ಉತ್ತರವಿಲ್ಲ, ಬಂದರೆ ಪ್ರತಿ ಸಲ ಹೊಸ ಹೆಸರು. ನಾನು ತಡೆಯಲಾರದೆ, ಕೌನ್ಸಿಲ್‌ಗೇ ಫೋನ್ ಮಾಡಿ ಕೇಳಿಬಿಡ್ತೀನಿ ಅಂದೆ. ಸಾಲಿಸಿಟರ್ ಕೈ ಅಡ್ಡ ಹಿಡಿದು ತಡೆದರು: "ದಯವಿಟ್ಟು ಮಾಡಬೇಡಿ." ಸರ್ಟಿಫಿಕೇಟ್ ಇಲ್ಲದ ಕಡೆ ಇಂಡೆಮ್ನಿಟಿ ಪಾಲಿಸಿ ಅನ್ನುವ ಒಂದು ವಿಮೆ ತೆಗೆದುಕೊಳ್ಳುವುದು ಇಲ್ಲಿನ ವಾಡಿಕೆ. ಕೌನ್ಸಿಲ್‌ನ ಕಿವಿಗೆ ವಿಷಯ ಬಿತ್ತು ಅಂದರೆ ಪಾಲಿಸಿ ಕೊಡುವವರು ಹಿಂದೆ ಸರಿಯುತ್ತಾರೆ. ಅದರ ಜೊತೆಗೇ ಇನ್ನೊಂದು ಮಾತು ಹೇಳಿದರು. ಪಾಲಿಸಿ ಕೌನ್ಸಿಲ್ ಕ್ರಮ ತೆಗೆದುಕೊಂಡರೆ ಆಗುವ ನಷ್ಟಕ್ಕೆ ಮಾತ್ರ, ಅಟ್ಟದ ತೊಲೆ ಭಾರ ತಾಳುತ್ತದೋ ಇಲ್ಲವೋ ಅದಕ್ಕಲ್ಲ. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ತೋರಿಸಿ ಅಂದರು. ಪಾಲಿಸಿಯ ದುಡ್ಡು ಮಾರುವವರ ಕೈಯಲ್ಲೇ ಕಟ್ಟಿಸಿದರು. ಎಂಜಿನಿಯರ್ ಬಂದು ನೋಡಿ, ತೊಲೆ ಪರವಾಗಿಲ್ಲ, ಮೆಟ್ಟಿಲು ತುಂಬಾ ಕಡಿದಾಗಿದೆ, ಬೆಂಕಿ ಬಿದ್ದರೆ ಇಳಿಯುವುದು ಕಷ್ಟ ಅಂದ. ನಾವು ಅಲ್ಲಿ ಮಗಳನ್ನು ಮಲಗಿಸುವುದಿಲ್ಲ, ಸಾಮಾನು ಇಟ್ಟಿದ್ದೇವೆ.

ಮನೆ ಯಾರ ಹೆಸರಿಗೆ, ಹೇಗೆ ಅನ್ನುವ ಪ್ರಶ್ನೆಗೂ ಆಕೆ ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದರು. ಜಾಯಿಂಟ್ ಟೆನೆಂಟ್ ಆದರೆ ಒಬ್ಬರು ಹೋದ ಮೇಲೆ ಮನೆ ಪೂರ್ತಿ ಇನ್ನೊಬ್ಬರಿಗೆ. ಟೆನೆಂಟ್ಸ್ ಇನ್ ಕಾಮನ್ ಆದರೆ ಪಾಲು ಬೇರೆ ಬೇರೆ, ವಿಲ್ ಬರೆಯಬೇಕು. "ಮಾವನವರ ದುಡ್ಡು ಇದೆಯಲ್ಲ ರೀ, ನಿಮ್ಮ ಪಾಲು ಜಾಸ್ತಿ ಹಾಕಿಸಿ" ಅಂತ ನನ್ನ ಹೆಂಡತಿ ಅವರ ಎದುರಿಗೇ ಕನ್ನಡದಲ್ಲಿ ಅಂದಳು. ನಾನು ಬೇಡ ಅಂದೆ. ಸಾಲಿಸಿಟರ್‌ಗೆ ಏನು ಅರ್ಥವಾಯಿತೋ, ಬೇಕಾದರೆ ಇಬ್ಬರೂ ಬೇರೆ ಬೇರೆ ಬಂದು ಮಾತಾಡಬಹುದು ಅಂತ ನಕ್ಕರು. ಜಾಯಿಂಟ್ ಟೆನೆಂಟ್ ಅಂತಲೇ ಮಾಡಿಸಿದೆವು.

ಎಕ್ಸ್‌ಚೇಂಜ್ ದಿನ ಏನೂ ನಡೆದಂತೆ ಅನ್ನಿಸುವುದಿಲ್ಲ. ನಾವು ಮೊದಲೇ ಸಹಿ ಮಾಡಿಟ್ಟಿರುತ್ತೇವೆ. ಇಬ್ಬರು ವಕೀಲರು ಫೋನಿನಲ್ಲಿ ಮಾತಾಡಿ, ತಾರೀಖು ಬರೆದುಕೊಂಡರೆ ಮುಗಿಯಿತು. ಅದಕ್ಕೆ ಮುಂಚೆ ಶೇಕಡ 10, ನಮ್ಮ ಲೆಕ್ಕದಲ್ಲಿ 36,500 ಪೌಂಡ್ ಅವರ ಖಾತೆಗೆ ಹಾಕಬೇಕು. ಇಲ್ಲಿ ಒಂದು ಎಚ್ಚರಿಕೆ. ವಕೀಲರ ಇಮೇಲ್ ಹಾಗೇ ಕಾಣುವ ನಕಲಿ ಇಮೇಲ್ ಕಳಿಸಿ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ದುಡ್ಡು ಹೊಡೆಯುವ ವಂಚನೆ ಇಲ್ಲಿ ಚೆನ್ನಾಗಿ ನಡೆಯುತ್ತಿದೆ. ನಮ್ಮ ಸಾಲಿಸಿಟರ್ ಮೊದಲ ಭೇಟಿಯಲ್ಲೇ ಖಾತೆಯ ವಿವರವನ್ನು ಕಾಗದದಲ್ಲಿ ಕೈಗೆ ಕೊಟ್ಟು, "ಇದು ಬದಲಾಗುವುದಿಲ್ಲ. ಬದಲಾಗಿದೆ ಅಂತ ನನ್ನ ಹೆಸರಲ್ಲೇ ಬಂದರೂ ನಂಬಬೇಡಿ" ಅಂದಿದ್ದರು. ನಾನು ಮೊದಲು ಒಂದು ಪೌಂಡ್ ಕಳಿಸಿ, ಆಫೀಸಿಗೆ ಫೋನ್ ಮಾಡಿ ಬಂತಾ ಅಂತ ಕೇಳಿ, ಆಮೇಲೆ ಉಳಿದದ್ದು ಹಾಕಿದೆ.

ಕಂಪ್ಲೀಷನ್, ಅಂದರೆ ಉಳಿದ ದುಡ್ಡು ಕಟ್ಟಿ ಬೀಗದ ಕೈ ಪಡೆಯುವುದು, ಶುಕ್ರವಾರವೇ ಆಗಲಿ ಅಂತ ಎಲ್ಲರ ಆಸೆ, ಶನಿವಾರ ಭಾನುವಾರ ಸಾಮಾನು ಸಾಗಿಸಬಹುದು ಅಂತ. ಬೇಡ, ದುಡ್ಡು ಎಲ್ಲೋ ಸಿಕ್ಕಿಕೊಂಡರೆ ಸೋಮವಾರದವರೆಗೆ ಲಾರಿಯಲ್ಲೇ ಸಾಮಾನು ಅಂತ ಆಕೆ ಹೇಳಿದರು. ಬುಧವಾರ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಏಜೆಂಟ್ ಆಫೀಸಿನಲ್ಲಿ ಬೀಗದ ಕೈ ಕೊಟ್ಟರು, ಆಗಲೂ ಮಾರಿದವರ ಮುಖ ನೋಡಲಿಲ್ಲ.

ಇಷ್ಟು ಹೇಳಿದ ಮೇಲೆ, ಆನ್‌ಲೈನ್ ಕಂಪನಿಗಳೆಲ್ಲ ಕೆಟ್ಟವು ಅಂತ ನಾನು ಹೇಳುವುದಿಲ್ಲ. ನನ್ನ ಗೆಳೆಯನೊಬ್ಬ ಹೊಸ ಬಡಾವಣೆಯಲ್ಲಿ, ತನ್ನದೇ ಉಳಿತಾಯದ ಹಣದಲ್ಲಿ ಮನೆ ಕೊಂಡ. ಕಡಿಮೆ ಫೀ, ಫೋನ್ ಆ್ಯಪ್‌ನಲ್ಲೇ ಎಲ್ಲ, ಏನೂ ತೊಂದರೆ ಆಗಲಿಲ್ಲ. ಹಣ ನೇರವಾಗಿದ್ದು ಮನೆ ಸರಳವಾಗಿದ್ದರೆ ಅದೇ ಸಾಕು. ಊರಿಂದ ದುಡ್ಡು, ಹಳೇ ಮನೆ, ಊರಿನಲ್ಲಿ ಹಿಂದೆ ಯಾವುದೋ ಆಸ್ತಿ, ಇವುಗಳಲ್ಲಿ ಒಂದಿದ್ದರೂ ನಾನಾದರೆ ಫೋನ್ ಎತ್ತಿ ಪ್ರಶ್ನೆ ಕೇಳುವ ವಕೀಲರನ್ನೇ ಹುಡುಕುತ್ತೇನೆ. ಮಾರುವವರಿಗಾದರೆ ಇನ್ನೂ ಸುಲಭ: ಮನೆ ಲಿಸ್ಟ್ ಮಾಡುವ ಮೊದಲೇ ವಕೀಲರನ್ನು ಗೊತ್ತು ಮಾಡಿ, ಟಿಎ6 ತುಂಬಿ, ಸರ್ಟಿಫಿಕೇಟುಗಳನ್ನು ಹುಡುಕಿಟ್ಟುಕೊಂಡರೆ ಎರಡೂ ಕಡೆಯವರ ಬಿಪಿ ಏರುವುದಿಲ್ಲ.

ಬೀಗದ ಕೈ ಸಿಕ್ಕ ಮೇಲೂ ವಕೀಲರ ಕೆಲಸ ಇರುತ್ತದೆ. ಸ್ಟಾಂಪ್ ಡ್ಯೂಟಿಯ ರಿಟರ್ನ್ ಹಾಕಿ ತೆರಿಗೆ ಕಟ್ಟುವುದು 14 ದಿನದೊಳಗೆ ಆಗಬೇಕು. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಹೆಸರು ಬದಲಾಯಿಸುವುದಕ್ಕೆ ಟೈಮ್ ಹಿಡಿಯುತ್ತದೆ. ನಮ್ಮದು ಆದ ಮೇಲೆ ಇಮೇಲ್‌ನಲ್ಲಿ ಒಂದು ಪಿಡಿಎಫ್ ಬಂತು. ಅದರ ಜೊತೆಗೇ ಲ್ಯಾಂಡ್ ರಿಜಿಸ್ಟ್ರಿಯ ಪ್ರಾಪರ್ಟಿ ಅಲರ್ಟ್‌ಗೆ ಹೆಸರು ಕೊಡಿ ಅಂತ ಸಾಲಿಸಿಟರ್ ಬರೆದಿದ್ದರು. ಯಾರಾದರೂ ನಿಮ್ಮ ಮನೆಯ ದಾಖಲೆಗೆ ಕೈ ಹಾಕಲು ನೋಡಿದರೆ ಇಮೇಲ್ ಬರುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಹತ್ತು ಮನೆಗಳವರೆಗೆ ಸೇರಿಸಬಹುದು, ಬೇರೆಯವರ ಮನೆಯಾದರೂ ಸರಿ. ನಮ್ಮದರ ಜೊತೆಗೆ, ಸ್ವಿಂಡನ್‌ನ ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ವಾಪಸಾಗಿರುವ ಗೆಳೆಯನ ಮನೆಯನ್ನೂ ಸೇರಿಸಿದೆ. ಮಾಲೀಕರು ದೂರ ಇರುವ ಮನೆಗಳ ಮೇಲೆಯೇ ಕಳ್ಳರ ಕಣ್ಣು ಜಾಸ್ತಿಯಂತೆ.